ಎಸ್‌ಯುವಿಯ ಮೂತಿ ಸ್ವಲ್ಪ ಎತ್ತಬೇಕಾ? ಹೀಗೆ ಮಾಡಿ

ಫಾರ್ಚುನರ್, ವಿ-ಕ್ರಾಸ್ ತರದ ಗಾಡಿಗಳನ್ನು ಪಕ್ಕದಿಂದ ನೋಡಿ. ಮೂತಿ ತಗ್ಗು, ಹಿಂಭಾಗ ಎತ್ತರ. ಕಂಪನಿಯವರು ಇದನ್ನು ಸುಮ್ನೆ ಮಾಡಿದ್ದಲ್ಲ. ಮನೆಮಂದಿ ಎಲ್ಲ ಕೂತು, ಹಿಂದೆ ಸಾಮಾನು ತುಂಬಿಕೊಂಡು ಧರ್ಮಸ್ಥಳಕ್ಕೋ ಕೊಲ್ಲೂರಿಗೋ ಹೊರಟಾಗ ಹಿಂಭಾಗ ಕೂರುತ್ತದೆ ಅಲ್ವಾ, ಅದಕ್ಕೆ ಬಿಟ್ಟ ಜಾಗ ಅದು. ಹಾಗಾಗಿ ಪೂರ್ತಿ ಸಮ ಮಾಡಲು ಹೋಗಬೇಡಿ. ಖಾಲಿ ಗಾಡಿಯಲ್ಲಿ ಹಿಂಭಾಗ ಹತ್ತು ಹದಿನೈದು ಮಿಲಿಮೀಟರ್ ಎತ್ತರ ಉಳಿಯಲಿ.

ಮೊದಲು ಅಳತೆ. ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ, ನಾಲ್ಕೂ ಕಡೆ. ಮಂಗಳೂರಲ್ಲಿ ಸಮತಟ್ಟು ನೆಲ ಸಿಗುವುದೇ ಕಷ್ಟ, ಕದ್ರಿ ಬಿಜೈ ಕಡೆ ಎಷ್ಟೋ ಮನೆಗಳ ಅಂಗಳ ಇಳಿಜಾರು. ಪೆಟ್ರೋಲ್ ಬಂಕಿನಲ್ಲಿ ಗಾಳಿ ಸರಿ ಮಾಡಿಸಿ ಅಲ್ಲೇ ಅಳೆದರೆ ಒಳ್ಳೆಯದು.

ಇನ್ನು ಸ್ಪೇಸರ್, ಅಂದರೆ ಮೂತಿ ಎತ್ತಲು ಮುಂದಿನ ಶಾಕ್ ಅಬ್ಸಾರ್ಬರ್‌ನ ತಲೆಯ ಮೇಲೆ ಇಡುವ ಬಿಲ್ಲೆ. ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಶಾಕ್‌ನ ಕೆಳತುದಿ ಚಕ್ರವನ್ನು ಚಾಸಿಗೆ ಜೋಡಿಸುವ ಕೆಳಗಿನ ತೋಳಾದ ಲೋವರ್ ಆರ್ಮ್‌ನ ನಡುವೆ ಎಲ್ಲೋ ಕೂತಿರುತ್ತದೆ, ಚಕ್ರ ಇರುವುದು ಆರ್ಮ್‌ನ ತುದಿಯಲ್ಲಿ. ಹಾಗಾಗಿ ಶಾಕ್‌ನ ತಲೆಯ ಮೇಲೆ 13 ಮಿಲಿಮೀಟರ್ ಬಿಲ್ಲೆ ಇಟ್ಟರೆ ಗಾಡಿ ಹತ್ತಿರ ಹತ್ತಿರ ಒಂದಿಂಚು ಏಳುತ್ತದೆ. ಒಂದಿಂಚು ಬೇಕು ಅಂತ ಒಂದಿಂಚಿನ ಬಿಲ್ಲೆ ತಂದರೆ ಎರಡಿಂಚು ಎದ್ದು ಬಾಲ್ ಜಾಯಿಂಟ್ (ಆರ್ಮ್‌ನ ತುದಿಯ ತಿರುಗುವ ಕೀಲು), ಫೋರ್ ವೀಲ್ ಡ್ರೈವ್ ಗಾಡಿಯಾದರೆ ಆಕ್ಸಲ್ ಜಾಯಿಂಟ್, ಎರಡರ ಮೇಲೂ ಭಾರ ಬೀಳುತ್ತದೆ. ಕಿಟ್ ಮೇಲೆ ಬರೆದದ್ದು ಬಿಲ್ಲೆಯ ದಪ್ಪವಾ, ಗಾಡಿ ಏಳುವ ಎತ್ತರವಾ ಅಂತ ಕೇಳಿಯೇ ದುಡ್ಡು ಕೊಡಿ. ಪಣಂಬೂರು, ಮಲ್ಪೆ ಹತ್ತಿರದ ಮನೆಯಾದರೆ ಉಪ್ಪುಗಾಳಿಗೆ ಅಲ್ಯುಮಿನಿಯಂ ಬಿಲ್ಲೆಯೂ ಸ್ಟೀಲ್ ಬೋಲ್ಟೂ ತಾಗಿದ ಕಡೆ ಬೇಗ ತಿನ್ನುತ್ತದೆ, ನಾನಾದರೆ ಪೌಡರ್ ಕೋಟಿಂಗ್ ಆದ ಸ್ಟೀಲ್ ಬಿಲ್ಲೆಯನ್ನೇ ತರುತ್ತೇನೆ.

ಹಿಂದಿನ ರಾತ್ರಿಯೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆಯಿರಿ. ಎರಡು ಮಳೆಗಾಲ ಕಂಡ ನಟ್ಟು ಸುಮ್ನೆ ಬಿಡುವುದಿಲ್ಲ.

ಹಿಂದಿನ ಚಕ್ರಕ್ಕೆ ಅಡೆ ಕೊಟ್ಟು, ಮುಂದಿನ ಎರಡೂ ಚಕ್ರ ಒಟ್ಟಿಗೆ ಎತ್ತಿ, ಚಾಸಿ ಕೆಳಗೆ ಜಾಕ್ ಸ್ಟ್ಯಾಂಡ್ ಇಡಿ. ಕೆಂಪುಕಲ್ಲು ಪೇರಿಸಿ ಅದರ ಮೇಲೆ ಗಾಡಿ ನಿಲ್ಲಿಸಲೇಬೇಡಿ, ಅದು ಹೇಳದೆ ಕೇಳದೆ ಒಡೆಯುತ್ತದೆ, ಕೆಳಗೆ ನೀವಿರುತ್ತೀರಿ. ಆಮೇಲೆ ಸ್ಟೆಬಿಲೈಸರ್ ಲಿಂಕ್ (ಗಾಡಿ ವಾಲದಂತೆ ತಡೆಯುವ ಸರಳಿನ ಕೊಂಡಿ) ಬಿಚ್ಚಿ. ಎಬಿಎಸ್ ವಯರ್, ಬ್ರೇಕ್ ಹೋಸ್ ಎರಡರ ಕ್ಲಿಪ್ ತೆಗೆದು ಅಪ್ಪರ್ ಬಾಲ್ ಜಾಯಿಂಟ್ ಬಿಡಿಸಿ. ಚಕ್ರ ಕೂರುವ ಭಾಗವಾದ ನಕಲ್ ಬ್ರೇಕ್ ಹೋಸ್‌ನಲ್ಲಿ ನೇತಾಡಬಾರದು, ಹಗ್ಗದಿಂದ ಕಟ್ಟಿಡಿ. ಕೆಳಗಿನ ಬೋಲ್ಟು, ಮೇಲಿನ ಮೂರು ನಟ್ಟು ತೆಗೆದರೆ ಶಾಕ್ ಸ್ಪ್ರಿಂಗ್ ಸಮೇತ ಹೊರಗೆ ಬರುತ್ತದೆ.

ಶಾಕ್‌ನ ತಲೆಯ ನಟ್ಟನಡುವಿನ ದೊಡ್ಡ ನಟ್ಟನ್ನು ಮಾತ್ರ ಮುಟ್ಟಬೇಡಿ. ಒತ್ತಿ ಹಿಡಿದ ಸ್ಪ್ರಿಂಗ್ ಅದರ ಕೆಳಗೇ ಇದೆ, ಸಿಡಿದರೆ ಪ್ರಾಣಕ್ಕೇ ಅಪಾಯ. ಮೇಲೆ ಇಡುವ ಬಿಲ್ಲೆಗೆ ಅದನ್ನು ಬಿಚ್ಚುವ ಅಗತ್ಯವೇ ಇಲ್ಲ.

ಬಿಲ್ಲೆಯನ್ನು ಶಾಕ್‌ನ ತಲೆಗೆ ಬಿಗಿದು ಎಲ್ಲವನ್ನೂ ತಿರುಗಿ ಕೂರಿಸಿ. ಶಾಕ್ ಈಗ ಉದ್ದವಾಗಿದೆ, ಲೋವರ್ ಆರ್ಮ್ ಅನ್ನು ರಾಡ್ ಹಾಕಿ ಕೆಳಗೆ ಒತ್ತಬೇಕು, ಇದಕ್ಕೆ ಇನ್ನೊಬ್ಬರು ಬೇಕೇ ಬೇಕು. ರಬ್ಬರ್ ಬುಶ್ ಇರುವ ಬೋಲ್ಟುಗಳನ್ನು ಪೂರ್ತಿ ಬಿಗಿಯುವುದು ಚಕ್ರ ನೆಲಕ್ಕೆ ಇಳಿದು ಭಾರ ಬಿದ್ದ ಮೇಲೆ. ಗಾಳಿಯಲ್ಲೇ ಬಿಗಿದರೆ ಬುಶ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಎಷ್ಟು ಟಾರ್ಕ್ ಅಂತ ನಿಮ್ಮ ಗಾಡಿಯ ಸರ್ವಿಸ್ ಮ್ಯಾನುವಲ್ ನೋಡಿಯೇ ಬಿಗಿಯಿರಿ.

ಅದೇ ದಿನ ವೀಲ್ ಅಲೈನ್‌ಮೆಂಟ್ ಮಾಡಿಸಿ. ಎತ್ತರ ಬದಲಾದರೆ ಟೋ, ಕ್ಯಾಂಬರ್ ಎರಡೂ, ಅಂದರೆ ಚಕ್ರ ಒಳಗೆ ಹೊರಗೆ ತಿರುಗಿರುವುದೂ ವಾಲಿರುವುದೂ, ಬದಲಾಗುತ್ತವೆ, ಬಿಟ್ಟರೆ ಟಯರ್ ಒಂದೇ ಬದಿ ಸವೆಯುತ್ತದೆ. ಹೆಡ್‌ಲೈಟನ್ನೂ ಕೆಳಗೆ ಇಳಿಸಿ. ಮೂತಿ ಎದ್ದರೆ ಬೆಳಕೂ ಏಳುತ್ತದೆ, ಶಿರಾಡಿ ಘಾಟಿಯಲ್ಲಿ ರಾತ್ರಿ ಎದುರಿಂದ ಬರುವವರಿಗೆ ದಾರಿಯೇ ಕಾಣುವುದಿಲ್ಲ.

ಆರ್‌ಟಿಓದಲ್ಲಿ, ಇನ್ಶೂರೆನ್ಸ್‌ನವರಲ್ಲಿ ಕೆಲಸಕ್ಕೆ ಮೊದಲೇ ಕೇಳಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮಾರ್ಪಾಡಿನ ಬಗ್ಗೆಯೇ ಇದೆ. ವಾರಂಟಿಯೊಳಗಿನ ಗಾಡಿಯಾದರೆ ಶೋರೂಮಿನಲ್ಲೂ ವಿಚಾರಿಸಿ.

ಒಂದು ಐನೂರು ಕಿಲೋಮೀಟರ್ ಓಡಿಸಿದ ಮೇಲೆ ಎಲ್ಲ ನಟ್ಟುಗಳನ್ನು ಟಾರ್ಕ್ ಪಾನಾದಲ್ಲಿ ಮತ್ತೆ ನೋಡಿ, ನಾಲ್ಕೂ ಕಡೆ ಮತ್ತೆ ಅಳೆಯಿರಿ. ಹಂಪ್ ಹತ್ತುವಾಗ ಟಕ್ ಟಕ್ ಶಬ್ದ ಬಂದರೆ ಮೊದಲು ಸ್ಟೆಬಿಲೈಸರ್ ಲಿಂಕ್ ನೋಡಿ, ಆಮೇಲೆ ಮೇಲಿನ ಮೂರು ನಟ್ಟು.