ಆ ಎರಡು ಡ್ರಮ್ ಕೆಡಿಸಿದ್ದು ನಾನೇ

ಅಡಿಕೆ ತೋಟಕ್ಕೆ ಬೋರ್ಡೋ, ಅಂದರೆ ಮೈಲುತುತ್ತ-ಸುಣ್ಣ ಕಲಸಿದ ಔಷಧಿ, ಹೊಡೆಯುವ ಗುತ್ತಿಗೆ ಕೆಲಸ ನನ್ನದು, ತೀರ್ಥಹಳ್ಳಿ ಕಡೆ. ಮಳೆ ಹಿಡಿಯುವ ಮೊದಲು ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ. ತಪ್ಪಿದರೆ ಕೊಳೆ ರೋಗ ಬಂದು ಕಾಯಿ ಉದುರುತ್ತದೆ.

100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರು ಸುರಿಯಬೇಕು. ಆಮೇಲೆ ತಿಕ್ಕಿ ಹೊಳೆಯುವ ಕಬ್ಬಿಣದ ಚಾಕು ಅದ್ದಿ ನೋಡಬೇಕು. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ. ಹಾಗೇ ಹೊಡೆದರೆ ಎಳೆ ಕಾಯಿ ಸುಡುತ್ತದೆ.

ಅವತ್ತು ಮೋಡ ಕವಿದಿತ್ತು, ಬೇಗ ಮುಗಿಸುವ ಅವಸರ. ಕಲಸಿದ್ದು ಹೊಸ ಹುಡುಗ. ನಾನು ಚಾಕು ಅದ್ದಲೇ ಇಲ್ಲ.

ಮಾರನೇ ದಿನ ಬೇರೆ ತೋಟ, ಅದೇ ಸುಣ್ಣದ ಚೀಲ. ಚಾಕು ಅದ್ದಿ ಎತ್ತಿದರೆ ತುದಿಯಲ್ಲಿ ಇಟ್ಟಿಗೆ ಬಣ್ಣದ ಪೊರೆ. ಒರೆಸಿ ಮತ್ತೆ ಅದ್ದಿದೆ, ಮತ್ತೆ ಅದೇ. ಅಲಗು ಬೆಳ್ಳಗೇ ಉಳಿಯುವ ತನಕ ಸುಣ್ಣದ ನೀರು ಸೇರಿಸುತ್ತ ಹೋದೆ. ಚೀಲದ ಬಾಯಿ ಬಿಚ್ಚಿ ವಾರವಾಗಿತ್ತು. ತೇವದ ಗಾಳಿ ತಾಗಿ ಸುಣ್ಣದ ಕಸುವೇ ಹೋಗಿತ್ತು. ನಿನ್ನೆ ಹೊಡೆದ ಎರಡು ಡ್ರಮ್ ನೆನಪಾಗಿ ಎದೆ ಧಸಕ್ಕೆಂದಿತು.

ಇದು ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಹುಡುಗನ ಮೇಲೆ ಹಾಕಬಹುದಿತ್ತು, ಸುಣ್ಣದ ಅಂಗಡಿ ಮೇಲೂ. ಆದರೆ ಚಾಕು ಇದ್ದದ್ದು ನನ್ನ ಜೇಬಿನಲ್ಲಿ ಅಲ್ವಾ?

ಸಂಜೆ ಫೋನ್ ಮಾಡದೆ ನೇರ ಆ ತೋಟದ ಯಜಮಾನರ ಮನೆಗೇ ಹೋದೆ. "ಅಣ್ಣಾ, ನಿನ್ನೆ ಕೆಳಗಿನ ತೋಟಕ್ಕೆ ಹೊಡೆದ ಔಷಧಿ ಸರಿ ಇರಲಿಲ್ಲ. ನಾನು ನೋಡದೇ ಹೊಡೆಸಿದೆ. ತಪ್ಪು ನನ್ನದು" ಅಂದೆ. ಮೋಡ, ಅವಸರ ಎಲ್ಲ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಅವರು ಚೆನ್ನಾಗಿ ಬೈದರು. ಸುಮ್ನೆ ಕೇಳಿಸಿಕೊಂಡೆ.

ನಾಲ್ಕನೇ ದಿನಕ್ಕೆ ಕಾಯಿ ಮೇಲೆ ಸುಟ್ಟ ಕಲೆ ಕಾಣಿಸಿತು. ಇಬ್ಬರೂ ಒಂದೊಂದೇ ಮರ ನೋಡುತ್ತ ಬಂದೆವು. ಉದುರಿದ್ದನ್ನು ಎಣಿಸಿ ಅವರ ಎದುರೇ ಬರೆದಿಟ್ಟೆ. ಆ ತೋಟದ ದುಡ್ಡು ತೆಗೆದುಕೊಳ್ಳಲಿಲ್ಲ. ಎರಡನೇ ಸಲದ ತುತ್ತ, ಸುಣ್ಣವನ್ನೂ ನನ್ನ ಕೈಯಿಂದಲೇ ತಂದೆ. ಜೊತೆಯವರ ಕೂಲಿಯಲ್ಲಿ ಒಂದು ರೂಪಾಯಿಯೂ ಹಿಡಿಯಲಿಲ್ಲ. ಮುಂದಿನ ವರ್ಷ ಅವರು ಬೇರೆ ತಂಡ ಕರೆದರು. ಬೇಜಾರಾಯಿತು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಹುಡುಗ ಎರಡು ದಿನ ತಲೆ ಎತ್ತಿರಲಿಲ್ಲ. "ನಿನ್ನ ಅಳತೆ ಸರಿಯಾಗೇ ಇತ್ತು ಮಾರಾಯ, ನೋಡಬೇಕಾದವನು ನಾನು" ಅಂತ ಎಲ್ಲರ ಎದುರೇ ಹೇಳಿದೆ.

ಈಗ ಸುಣ್ಣ ಗಾಳಿಯಾಡದ ಡಬ್ಬದಲ್ಲಿರುತ್ತದೆ. ಪ್ರತಿ ಡ್ರಮ್ಮಿಗೂ ಚಾಕು ಅದ್ದಿ ತೋಟದವರಿಗೆ ತೋರಿಸುತ್ತೇನೆ, ಆಮೇಲೇ ಔಷಧಿ ಹೊಡೆಯುವ ಉದ್ದನೆಯ ದೋಟಿ ಎತ್ತುವುದು.