ಅಟ್ಟದ ಪುಸ್ತಕ ಸ್ಕ್ಯಾನ್ ಮಾಡುವ ಮುಂಚೆ

ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸುವ ಮುಂಚೆ ಪುಸ್ತಕದ ಎರಡನೇ ಪುಟ ತೆಗೆಯಿರಿ. ಹೆಸರಿನ ಪುಟದ ಬೆನ್ನಿಗಿರುವ, ಯಾರೂ ಓದದ ಪುಟ ಅದು. ಮುದ್ರಣದ ವರ್ಷ, ಪ್ರೆಸ್ಸಿನ ಊರು, ಬೆಲೆ, ‘ಹಕ್ಕುಗಳು: ಲೇಖಕರವು’ ಎಂಬ ಸಾಲು ಎಲ್ಲ ಅಲ್ಲೇ ಇರುತ್ತವೆ. ಶಿರಸಿಯ ನಮ್ಮ ಮನೆಯ ಅಟ್ಟದಿಂದ ಮೊದಲ ಪೆಟ್ಟಿಗೆ ಇಳಿಸಿದಾಗ ನಾನು ಆ ಪುಟ ಒಂದನ್ನು ಬಿಟ್ಟು ಉಳಿದದ್ದೆಲ್ಲ ಓದಿದ್ದೆ.

ಅಜ್ಜನಿಗೆ ಯಕ್ಷಗಾನದ ಹುಚ್ಚು. ಪೆಟ್ಟಿಗೆ ತುಂಬ ಪ್ರಸಂಗದ ಪುಸ್ತಕ, ಅಂದರೆ ಆಟದ ಕಥೆಯನ್ನು ಪದ್ಯದಲ್ಲಿ ಹೇಳುವವು. ತಳದಲ್ಲಿ ಒರಲೆ, ಅಂದರೆ ಗೆದ್ದಲು. ಇನ್ನೊಂದು ಮಳೆಗಾಲಕ್ಕೆ ಉಳಿಯುವುದಿಲ್ಲ ಎಂದು ಹೆದರಿ ಸಿಕ್ಕಿದ್ದೆಲ್ಲ ಸ್ಕ್ಯಾನ್ ಮಾಡಿ ತಾಳಮದ್ದಳೆಯವರ (ವೇಷ, ಕುಣಿತವಿಲ್ಲದೆ ಕೂತು ನಡೆಸುವ ಯಕ್ಷಗಾನ) ವಾಟ್ಸಾಪ್ ಗುಂಪಿಗೆ ಹಾಕಿದೆ. ನಾಲ್ಕನೇ ದಿನ ಹೊನ್ನಾವರದ ಕಡೆಯಿಂದ ಫೋನು ಬಂತು. ಒಂದು ಪ್ರಸಂಗದ ಕರ್ತೃವೇ ಮಾತಾಡಿದರು. ‘ತಮಾ, ಒಂದ್ ಮಾತು ಕೇಳಲಾಗಿತ್ತಲಾ?’ ಅಷ್ಟೇ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಸ್ವಂತ ದುಡ್ಡಲ್ಲಿ 500 ಪ್ರತಿ ಅಚ್ಚು ಹಾಕಿಸಿ, ಯಕ್ಷಗಾನದ ಆಟ ಆದಲ್ಲೆಲ್ಲ ಚೀಲ ಹಿಡಿದು ಹೋಗಿ, ಒಂದಕ್ಕೆ 60 ರೂಪಾಯಿಯಂತೆ ಮಾರುತ್ತಿದ್ದರಂತೆ. ಗುಂಪಿನಿಂದ ಪಿಡಿಎಫ್ ಅಳಿಸಿದೆ. ಆದರೆ ವಾಟ್ಸಾಪಿಗೆ ಹೋದದ್ದು ಅಘನಾಶಿನಿ ಹೊಳೆಗೆ ಬಿದ್ದ ಅಡಿಕೆ. ಅದು ಕಡಲು ಸೇರುವ ತದಡಿಯಲ್ಲಿ ನಿಂತು ಹುಡುಕಬೇಕು.

ಆದ್ದರಿಂದ ಮೊದಲ ಕೆಲಸ, ಬರೆದವರು ಇದ್ದಾರೋ ಇಲ್ಲವೋ, ಇಲ್ಲದಿದ್ದರೆ ಯಾವ ವರ್ಷ ತೀರಿಕೊಂಡರು ಎಂದು ಪತ್ತೆ ಮಾಡುವುದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದ ಜನವರಿ 1ರಿಂದ 60 ವರ್ಷ ಹಕ್ಕು ಅವರ ವಾರಸುದಾರರದ್ದು. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ. ಅವರು ಬದುಕಿದ್ದಾಗ ಪ್ರಕಟಿಸಿದ್ದನ್ನು ಯಾರು ಬೇಕಾದರೂ ಹಂಚಬಹುದು. ನಮ್ಮ ಅಂಕೋಲೆಯ ದಿನಕರ ದೇಸಾಯಿಯವರ ಚುಟುಕ ಎಲ್ಲರ ಬಾಯಲ್ಲೂ ಇದೆ. ಆದರೆ ಅವರು ತೀರಿಕೊಂಡದ್ದು 1982ರಲ್ಲಿ. ಹಾಗಾಗಿ 2042ರ ಕೊನೆಯವರೆಗೆ ಅವರ ಸಂಕಲನವನ್ನು ಇಡಿಯಾಗಿ ಹಾಕುವ ಹಾಗಿಲ್ಲ. ಬಾಯಿಪಾಠವಾದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಲೇಖಕರ ಹೆಸರೇ ಇಲ್ಲದ ಪುಸ್ತಕವಾದರೆ ಪ್ರಕಟವಾದ ವರ್ಷದಿಂದ ಇದೇ ರೀತಿ 60 ಎಣಿಸಿ. ಮರಣದ ನಂತರ ಮೊದಲ ಸಲ ಅಚ್ಚಾದದ್ದಕ್ಕೂ ಪ್ರಕಟಣೆಯಿಂದಲೇ ಲೆಕ್ಕ.

‘ಈಗ ಅಂಗಡಿಯಲ್ಲಿ ಸಿಗುವುದೇ ಇಲ್ಲವಲ್ಲ, ಹಾಕಿದರೆ ಏನು?’ ಎಂದು ಹತ್ತರಲ್ಲಿ ಒಂಬತ್ತು ಜನ ಕೇಳುತ್ತಾರೆ. ಪಕ್ಕದವರ ತೋಟದಲ್ಲಿ ಅಡಿಕೆ ಕೊನೆ ಕೊಯ್ಯದೆ ಬಿಟ್ಟಿದ್ದಾರೆ ಎಂದು ನಾವು ಕೊಯ್ದು ತರುತ್ತೇವೆಯೇ? ‘ನಾನೇನು ಹಣ ಮಾಡಲಿಲ್ಲವಲ್ಲ’ ಎಂಬುದೂ ಅಷ್ಟೆ. ಗೊತ್ತಿದ್ದೂ ಹಕ್ಕು ಮುರಿದರೆ 6 ತಿಂಗಳಿಂದ 3 ವರ್ಷ ಸೆರೆ, 50,000ದಿಂದ 2 ಲಕ್ಷ ರೂಪಾಯಿ ದಂಡ ಎಂದು 63ನೇ ಕಲಮು ಹೇಳುತ್ತದೆ. ವ್ಯಾಪಾರಕ್ಕಾಗಿ ಮಾಡಿಲ್ಲದಿದ್ದರೆ ನ್ಯಾಯಾಲಯ ಶಿಕ್ಷೆ ಇಳಿಸಬಹುದು. ಆದರೂ ತಪ್ಪು ತಪ್ಪೇ.

ಪ್ರಸಂಗ ಪುಸ್ತಕದಲ್ಲಿ ಇನ್ನೊಂದು ತೊಡಕಿದೆ. ಹಳೇ ಕಾಲದ ಪ್ರಸಂಗಕರ್ತ ಪಾರ್ತಿಸುಬ್ಬನ ಪದ್ಯಕ್ಕೆ ಈಗ ಯಾರ ಹಕ್ಕೂ ಇಲ್ಲ. ಆದರೆ ಹತ್ತಿಪ್ಪತ್ತು ವರ್ಷದ ಹಿಂದಿನ ಮುದ್ರಣದಲ್ಲಿ ಸಂಪಾದಕರ ಮುನ್ನುಡಿ, ಅರ್ಥ, ಟಿಪ್ಪಣಿ, ಮುಖಪುಟದ ಚಿತ್ರ ಇರುತ್ತವೆ. ಅವು ಬೇರೆಯವರ ದುಡಿಮೆ, ಅವಕ್ಕೆ ಬೇರೆ ಲೆಕ್ಕ. ಹಳೆಯ ಮುದ್ರಣ ಸಿಕ್ಕಿದರೆ ಅದನ್ನೇ ಹಿಡಿಯಿರಿ, ಇಲ್ಲವಾದರೆ ಪದ್ಯಭಾಗ ಮಾತ್ರ. ಅನುವಾದವಾದರೆ ಮೂಲ ಲೇಖಕ, ಅನುವಾದಕ ಇಬ್ಬರ ಮರಣದ ವರ್ಷವೂ ಬೇಕು. ಪೆಟ್ಟಿಗೆಯಲ್ಲಿ ಸಿಗುವ ಹಳೇ ಪತ್ರ ನಿಮ್ಮದೇ, ಆದರೆ ಅದರಲ್ಲಿರುವ ಮಾತಿನ ಹಕ್ಕು ಬರೆದವರ ಕಡೆಯವರದ್ದು. ಹಾಗೆಯೇ ತಾಳಮದ್ದಳೆ ರೆಕಾರ್ಡಿಂಗ್. ಪದ್ಯ ಎಷ್ಟೇ ಹಳತಾಗಿರಲಿ, ಪದ್ಯಕ್ಕೆ ಮಾತು ಕಟ್ಟುವ ಅರ್ಥಧಾರಿಗೆ ತನ್ನ ಪ್ರದರ್ಶನದ ಮೇಲೆ 50 ವರ್ಷದ ಹಕ್ಕಿದೆ. ನಮ್ಮ ಕಡೆ ಮೊಬೈಲ್ ಎತ್ತಿ ಹಿಡಿಯುವವರಲ್ಲಿ ಇದು ಗೊತ್ತಿರುವವರು ನನಗಂತೂ ಸಿಕ್ಕಿಲ್ಲ.

ಹಾಗಾದರೆ ಒರಲೆಗೆ ಬಿಡುವುದೇ? ಬೇಡ. ನಿಮ್ಮ ಸ್ವಂತ ಓದಿಗೆ, ಅಧ್ಯಯನಕ್ಕೆ ನ್ಯಾಯವಾದ ಬಳಕೆಯನ್ನು 52ನೇ ಕಲಮು ಒಪ್ಪುತ್ತದೆ. ನಿಮ್ಮದೇ ಪುಸ್ತಕ ಸ್ಕ್ಯಾನ್ ಮಾಡಿ ನೀವೇ ಓದಿಕೊಳ್ಳಿ. ತಾಪತ್ರಯ ಶುರುವಾಗುವುದು ಹಂಚಿದಾಗ. ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿ ಈಗಾಗಲೇ ಇರುವ ಪುಸ್ತಕವನ್ನು ಉಳಿಸಿಕೊಳ್ಳಲು ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಬಹುದು. ಇದು 2012ರ ತಿದ್ದುಪಡಿ. ಇಟ್ಟುಕೊಳ್ಳಬಹುದು ಎಂದಿದೆ, ಇಂಟರ್ನೆಟ್ಟಿಗೆ ಹಾಕಬಹುದು ಎಂದಿಲ್ಲ. ಕಣ್ಣು ಕಾಣದವರು ಓದಲು ಬೇಕಾದ ರೂಪಕ್ಕೆ ಇಳಿಸುವುದಕ್ಕೂ ಅದೇ ತಿದ್ದುಪಡಿ ದಾರಿ ಬಿಟ್ಟಿದೆ.

ಉಳಿದದ್ದಕ್ಕೆ ಅನುಮತಿ. ನನ್ನ ಲೆಕ್ಕದಲ್ಲಿ ಅಸಲು ಕೆಲಸವೇ ಇದು, ಸ್ಕ್ಯಾನಿಂಗ್ ಎರಡು ಗಂಟೆಯದ್ದು. ಫೋನಿನಲ್ಲಿ ‘ಹಾಕಿ ಮಾರಾಯರೇ’ ಎಂದದ್ದು ಸಾಲದು, ಬರವಣಿಗೆಯಲ್ಲಿರಬೇಕು. ಒಂದು ಹಾಳೆಯಲ್ಲಿ ಪುಸ್ತಕದ ಹೆಸರು, ಮುದ್ರಣದ ವರ್ಷ ಬರೆಯಿರಿ. ಎಲ್ಲಿ ಹಾಕುತ್ತೀರಿ, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು, ಒಮ್ಮೆ ಹೋದದ್ದನ್ನು ಪೂರ್ತಿ ಹಿಂದೆ ತರಲಿಕ್ಕಾಗದು ಎಂಬುದನ್ನೂ ಬಿಡಿಸಿ ಬರೆಯಿರಿ. ಈ ಕೊನೆಯ ಸಾಲು ಓದಿ ಇಬ್ಬರು ಬೇಡವೆಂದರು, ಪುಸ್ತಕ ಕಟ್ಟಿ ವಾಪಸ್ ಇಟ್ಟೆ. ಲೇಖಕರು ಇಲ್ಲವಾದರೆ ಹಕ್ಕಿರುವ ಮಕ್ಕಳೆಲ್ಲರ ಸಹಿ ಬೇಕು. ಒಬ್ಬ ಬೆಂಗಳೂರಲ್ಲಿ, ಒಬ್ಬಳು ಯಲ್ಲಾಪುರದಲ್ಲಿ ಇದ್ದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ‘ಹಕ್ಕು ಪ್ರಕಾಶಕರಿಗೆ ಕೊಟ್ಟಾಗಿದೆ’ ಎಂದರೆ ಕಾಗದ ತೋರಿಸಿ ಎನ್ನಿ. ಬರವಣಿಗೆ, ಸಹಿ ಇಲ್ಲದೆ ಹಕ್ಕಿನ ವರ್ಗಾವಣೆ ಆಗುವುದಿಲ್ಲ. ಯಾರೂ ಸಿಗದೇ ಹೋದ ಕೃತಿಗೆ 31ಎ ಕಲಮಿನಡಿ ಪರವಾನಗಿ ಕೇಳಬಹುದು. ಅದಕ್ಕೆ ಮೊದಲು ದೇಶದ ಬಹುಭಾಗ ತಲುಪುವ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ನನ್ನಂಥವನ ಕಿಸೆಗೆ ಅದು ಎಟುಕುವ ಮಾತಲ್ಲ.

ಇನ್ನು ಸ್ಕ್ಯಾನಿಂಗ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೆಟ್ಟಿಗೆ ತೆಗೆಯಬೇಡಿ, ನಮ್ಮ ಮಳೆಯ ತಂಪಿಗೆ ಹಾಳೆಗೆ ಹಾಳೆ ಅಂಟಿರುತ್ತದೆ. ದೀಪಾವಳಿ ಕಳೆದ ಮೇಲೆ ನೆರಳಲ್ಲಿ ಎರಡು ದಿನ ಒಣಗಿಸಿ. ಬೆಳಕು ಎರಡೂ ಬದಿಯಿಂದ ಬೀಳಲಿ, 300 ಡಿಪಿಐ (ಇಂಚಿಗೆ 300 ಚುಕ್ಕಿ) ಸಾಕು. ಹೊಲಿಗೆ ಬಿಚ್ಚಬೇಡಿ. ಎರಡನೇ ಪುಟವನ್ನು ಮಾತ್ರ ಬಿಡಲೇಬೇಡಿ, ಮುಂದೆ ಯಾರಾದರೂ ಹಕ್ಕಿನ ಲೆಕ್ಕ ಹಾಕುವುದಾದರೆ ಅದರಿಂದಲೇ.

ಹೊನ್ನಾವರದ ಹಿರಿಯರ ಮನೆಗೆ ಆಮೇಲೆ ಹೋಗಿದ್ದೆ. ತಮ್ಮ ಎರಡು ಹಳೆಯ ಪ್ರಸಂಗಗಳಿಗೆ ಅಲ್ಲೇ ಜಗಲಿಯ ಮೇಲೆ ಸಹಿ ಹಾಕಿದರು. ನಾನು ಹಂಚಿ ಕೆಡಿಸಿದ್ದಕ್ಕೆ ಹಾಕಲಿಲ್ಲ. ‘ಇನ್ನೂ ಎರಡು ಕಟ್ಟು ಇದ್ದು, ಅದು ಖಾಲಿಯಾಗ್ಲಿ’ ಎಂದರು. ಮೊನ್ನೆ ಇಡಗುಂಜಿಯ ಆಟದಲ್ಲಿ ಒಂದು ಪ್ರತಿ ನಾನೇ ಕೊಂಡೆ. 100ರ ನೋಟು ಕೊಟ್ಟು ಇರಲಿ ಎಂದರೆ, 40 ರೂಪಾಯಿ ಎಣಿಸಿ ಕೈಗಿಟ್ಟರು.