ತಾಯಂದಿರ ದಿನದ ಪ್ರಸಂಗಕ್ಕೆ ಹನ್ನಳ ಚಿಕ್ಕ ನಿಲುವಂಗಿ

ಮೇ ತಿಂಗಳ ಎರಡನೇ ಭಾನುವಾರ ತಾಯಿಯ ಪ್ರೀತಿಯ ಬಗ್ಗೆ ಪ್ರಸಂಗ ಮಾಡುವವರು ಯೋಕೆಬೆದ, ಹನ್ನ, ಯೂನಿಕೆ, ಮರಿಯ ಎಲ್ಲರನ್ನೂ ಹದಿನೈದು ನಿಮಿಷಕ್ಕೆ ತುಂಬಿಬಿಡುತ್ತಾರೆ. ಮನೆಗೆ ಹೋಗುವಾಗ ಯಾರೂ ನೆನಪಿರುವುದಿಲ್ಲ. ಒಬ್ಬ ತಾಯಿ ಸಾಕು. ಮಕ್ಕಳಿಲ್ಲದೆ ಅತ್ತು ಬೇಡಿ, ಮಗ ಹುಟ್ಟಿದರೆ ದೇವರಿಗೇ ಒಪ್ಪಿಸುತ್ತೇನೆಂದು ಹರಕೆ ಹೊತ್ತ ಹನ್ನಳನ್ನು ಆರಿಸಿಕೊಂಡರೆ ಬೈಬಲಿನ 1 ಸಮುವೇಲ 1:20–28 ಮತ್ತು 2:18–21 ಓದಿಸಿ.

ಓದಿದ ಕೂಡಲೇ ಮಗುವಿನ ವಯಸ್ಸು ಹೇಳಿ. ಹಾಲು ಬಿಡಿಸಿದ ಮೇಲೆ ಹನ್ನ ಮಗ ಸಮುವೇಲನನ್ನು ದೇವರ ಆಲಯವಿದ್ದ ಶೀಲೋವಿಗೆ ಕರೆದೊಯ್ದು ಅಲ್ಲೇ ಬಿಟ್ಟಳು. ಎದೆಹಾಲು ಮೂರು ವರ್ಷ ಕುಡಿಸಿದ ತಾಯಿಯ ಮಾತು ಕಥೋಲಿಕ ಬೈಬಲಿನ 2 ಮಕ್ಕಬಿಯ 7:27ರಲ್ಲಿದೆ. ಸಮುವೇಲನೂ ಅಷ್ಟೇ ಇದ್ದಿರಬೇಕು: ಮಾತು ಬಂದಿದೆ, ಅಮ್ಮನ ಸೆರಗು ಇನ್ನೂ ಬಿಟ್ಟಿಲ್ಲ. ಇದನ್ನು ಹೇಳದಿದ್ದರೆ ಕೇಳುವವರ ಕಣ್ಣಮುಂದೆ ದೊಡ್ಡ ಹುಡುಗನೊಬ್ಬ ಹಾಸ್ಟೆಲಿಗೆ ಹೊರಟಂತಿರುತ್ತದೆ.

ಇನ್ನು ನಿಲುವಂಗಿ. ಅವಳು ಪ್ರತಿವರ್ಷ ಒಂದನ್ನು ಮಾಡಿ ತರುತ್ತಿದ್ದಳು. ಮೂರು ವರ್ಷದ ಮಗುವಿನದೊಂದು, ನಾಲ್ಕು ವರ್ಷದ್ದೊಂದು ಅಂಗಿ ತೆಗೆದುಕೊಂಡು ಹೋಗಿ. ಒಂದರ ಮೇಲೊಂದು ಇಟ್ಟು ತೋಳಿನ ಅಂತರ ತೋರಿಸಿ. ಮಗ ಕಣ್ಣೆದುರಿಗಿಲ್ಲ, ಅಳತೆ ಊಹೆಯದು. ಈ ವರ್ಷ ಎಷ್ಟು ಬೆಳೆದಿರಬಹುದೆಂದು ಹೊಲಿಯುತ್ತಲೇ ಲೆಕ್ಕ ಹಾಕಬೇಕು. ಊಹೆಯ ಮಾತು ವಚನದಲ್ಲಿಲ್ಲ, ಹಾಗೆಂದು ಸಭೆಗೆ ಹೇಳಿಬಿಡಿ. ಒಪ್ಪಿಸಿಕೊಟ್ಟವಳು ಮರೆಯಲಿಲ್ಲ. ನಿಸ್ವಾರ್ಥ ಎಂಬುದಕ್ಕೆ ಇಲ್ಲಿ ಬೇರೆ ವಿವರಣೆ ಬೇಡ. ಈ ಭಾಗಕ್ಕೆ ಏಳೆಂಟು ನಿಮಿಷ ಕೊಡಿ, ಅವಸರ ಬೇಡ.

ನಂತರ ಯೆಶಾಯ 49:15ಕ್ಕೆ ಬನ್ನಿ. ಅಲ್ಲಿ ಕರುಣೆಗೆ ಬಳಸಿರುವ ಹೀಬ್ರೂ ಪದ, ಗರ್ಭ ಎಂಬರ್ಥದ 'ರೆಹೆಮ್' ಪದದ ಬಳಗದ್ದು. ನಮ್ಮಲ್ಲಿ 'ಹೆತ್ತ ಕರುಳು' ಅನ್ನುವುದಿಲ್ಲವೇ, ಹಾಗೆ. ಆದರೆ 'ತಾಯಿಯೇ ದೇವರು' ಎಂದು ಅಲ್ಲಿಗೇ ನಿಲ್ಲಿಸಬೇಡಿ. ತಾಯಿಯೂ ಮರೆತಾಳು, ನಾನು ಮರೆಯೆನು ಎನ್ನುತ್ತಾನೆ ದೇವರು. ಅಮ್ಮ ಬಿಟ್ಟುಹೋದ ಮಗು ಆ ಬೆಂಚಿನಲ್ಲಿ ಕೂತಿದ್ದರೆ ಅದಕ್ಕೆ ಬೇಕಾದದ್ದು ಈ ಎರಡನೇ ಅರ್ಧವೇ.

ಎರಡು ಕಡೆ ಎಚ್ಚರ. 'ಹನ್ನಳಂತೆ ಅತ್ತು ಪ್ರಾರ್ಥಿಸಿ, ಮಗು ಆಗುತ್ತದೆ' ಎನ್ನಬೇಡಿ. ವರ್ಷಗಟ್ಟಲೆ ಅತ್ತವರಿಗೆ ಅದು ಹನ್ನಳ ಸವತಿ ಪೆನಿನ್ನಳ ಚುಚ್ಚುಮಾತಿನಂತೆಯೇ ಕೇಳಿಸುತ್ತದೆ. ತಾಯಿಯಾದವಳು ಹೊಡೆತ ಬೈಗುಳ ಎಲ್ಲ ಸಹಿಸಬೇಕು ಎಂಬ ಪಾಠಕ್ಕೂ ಈ ಕಥೆಯನ್ನು ಎಳೆಯಬೇಡಿ. ಹರಕೆ ಅವಳದೇ, ಯಾವಾಗ ಹೋಗಬೇಕೆಂದು ನಿರ್ಧರಿಸಿದ್ದೂ ಅವಳೇ. ನಿನಗೆ ಸರಿಕಂಡಂತೆ ಮಾಡು ಎಂದ ಗಂಡ ಎಲ್ಕಾನ (1:23).

ಹೂ ಹಂಚುವುದಿದ್ದರೆ 'ತಾಯಂದಿರು ಎದ್ದುನಿಲ್ಲಿ' ಅನ್ನದೆ, ಸಂಡೇ ಸ್ಕೂಲ್ ಮಕ್ಕಳ ಕೈಯಿಂದ ಎಲ್ಲ ಹೆಂಗಸರಿಗೂ ಕೊಡಿಸಿ. ಮುಕ್ತಾಯದ ಪ್ರಾರ್ಥನೆಯಲ್ಲಿ ಅಮ್ಮನನ್ನು ಕಳೆದುಕೊಂಡವರನ್ನೂ, ಮಗುವನ್ನು ಮಣ್ಣಿಗೆ ಕೊಟ್ಟವರನ್ನೂ, ಇನ್ನೂ ಕಾಯುತ್ತಿರುವವರನ್ನೂ ನೆನೆಯಿರಿ. ಹೆಸರು ಹಿಡಿದು ಮಾತ್ರ ಬೇಡ.